ನಜೀರಸಾಬರ ಎರಡು ಪುಟ

ಶಿಗ್ಲಿಯ ನಜೀರಸಾಬರು ಹದಿನಾರನೆಯ ವಯಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಬಂದಿದ್ದ ನಾಟಕ ಕಂಪನಿಯಲ್ಲಿ ಪರದೆ ಎಳೆಯಲು ಸೇರಿದರು. ಒಂದು ದಿನ ಹಗ್ಗ ಕಾಲಿಗೆ ಸುತ್ತಿ ರಂಗದ ನಟ್ಟನಡುವೆ ಬಿದ್ದರು. ಜನ ನಕ್ಕರು. ಮಾಲೀಕ, "ನಾಳಿನೂ ಬೀಳು" ಅಂದ. ಹಾಗೆ ಶುರುವಾದದ್ದು ಮೂವತ್ತೆರಡು ವರ್ಷ ನಡೆಯಿತು. ಮುಂಡರಗಿ, ಶಿರಹಟ್ಟಿ, ಗದಗ, ಎಲ್ಲಿ ತಗಡಿನ ಥಿಯೇಟರು ಎದ್ದರೂ ಹಾಸ್ಯ ಅವರದೇ.

ಆದರೆ ಅವರ ಒಂದು ಮಾತೂ ಕಾಗದದ ಮೇಲಿರಲಿಲ್ಲ. ನಾಟಕ ಬರೆಯುವವರು ಆ ಜಾಗದಲ್ಲಿ 'ಇಲ್ಲಿ ನಜೀರಸಾಬನ ಹಾಸ್ಯ' ಎಂದು ಗೀಚಿ ಮುಂದೆ ಹೋಗಿಬಿಡುತ್ತಿದ್ದರು.

ಗದಗ ಜಿಲ್ಲೆಯಾದ ಮರುವರ್ಷ ಬೆಟಗೇರಿಯ ಪ್ರೆಸ್ಸಿನ ಹೊನ್ನೇಶ ಅಂಥದೊಂದು ಹಳೆಯ ನಾಟಕವನ್ನು ಅಚ್ಚು ಹಾಕಲು ಹೊರಟ. "ಸೋಮವಾರದೊಳಗ ಆ ಜಾಗ ತುಂಬಿ ಕೊಡ್ರಿ ಕಾಕಾ. ಇಲ್ಲಂದ್ರ ಆ ಪ್ರವೇಶನ ತಗದಬಿಡ್ತೀನಿ."

ರಂಗ ಬಿಟ್ಟು ಹತ್ತು ವರ್ಷವಾಗಿದ್ದ ನಜೀರಸಾಬರಿಗೆ ತಮ್ಮ ಮಾತು ತಮ್ಮ ಹೆಸರಿನಲ್ಲಿ ಅಚ್ಚಾಗುವುದೊಂದೇ ಆಸೆ. ಅಕ್ಷರ ಬಾರದು. ಹುಬ್ಬಳ್ಳಿಯಲ್ಲಿ ಓದಿದ ಸೊಸೆ ನೂರೀನ ಪೆನ್ನು ಹಿಡಿದು ಕೂತಳು. ಅವಳ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು ಆಗಷ್ಟೇ ಕಣ್ಣು ಮುಚ್ಚಿತ್ತು.

"ಲೇ ಹೆಂಡ್ತೀ!" ಎಂದು ಅವರು ರಂಗದ ಗಂಟಲಲ್ಲೇ ಕೂಗಿದರು. ಕೂಸು ಬೆಚ್ಚಿ ಅತ್ತಿತು.

"ಮಾವಾರ, ಸಾವಕಾಶ ಹೇಳ್ರಿ. ಮುಂಜಾನಿಂದ ಈಗ ಮಲಗಿತ್ತು."

ಮತ್ತೆ ಅದನ್ನು ಮಲಗಿಸಿದ ಮೇಲೆ ನಜೀರಸಾಬರು ಪಿಸುಗುಟ್ಟಿದರು. "ಲೇ ಹೆಂಡ್ತಿ, ಈ ಸಾರಿನಾಗ ಬ್ಯಾಳಿ ಎಲ್ಲೈತಿ? ಅದಕ್ಕ ಆಕಿ, ತಳದಾಗ ಐತ್ರಿ, ಈಸಾಕ ಬರ್ತೈತೇನು ನಿಮಗ, ಅಂತಾಳ. ನಾ ಅಂಗಿ ಬಿಚ್ಚಾಕ ನಿಂದರ್ತೀನಿ. ಜನಾ ನಗ್ತಾರ."

"ಆಮೇಲೆ ಏನಂತೀರಿ?"

"ಅದು ಜನಾ ನಕ್ಕಮ್ಯಾಲ ಬಾಯಿಗೆ ಬರ್ತೈತವ್ವಾ. ನೀ ನಗವಲ್ಲಿ, ನನಗ ಹೆಂಗ ಬರಬೇಕು?"

"ನಕ್ಕರ ಕೂಸು ಏಳ್ತೈತ್ರಿ."

ಮೂರು ದಿನ ಹೀಗೆಯೇ ಕಳೆಯಿತು. ಕಡೆಗೆ ಆದದ್ದು ಎರಡು ಪುಟ.

ಸೋಮವಾರ ಹೊನ್ನೇಶ ಪುಟಗಳನ್ನು ನಿಂತಲ್ಲೇ, ಲಗ್ನಪತ್ರಿಕೆ ತಿದ್ದುವವನಂತೆ ಓದಿದ. "ಇದರಾಗ ನಗಿ ಎಲ್ಲೈತ್ರಿ ಕಾಕಾ?"

ನಜೀರಸಾಬರಿಗೆ ಮೈ ಉರಿಯಿತು. "ಲೇ ಹೆಂಡ್ತೀ!" ಎಂದರು, ಪ್ರೆಸ್ಸಿನ ಗಾಜು ನಡುಗುವಂತೆ. ಮಷೀನಿನ ನೀಲಪ್ಪ ಕಿಸಕ್ಕನೆ ನಕ್ಕ. ಆ ನಗೆ ಸಾಕಾಯಿತು. ಒಂದು ಮಾತಿಗೆ ಇನ್ನೊಂದು ಹುಟ್ಟಿ ಅವರು ಅಂಗಿಯ ಗುಂಡಿಗೆ ಕೈ ಹಾಕುವಷ್ಟರಲ್ಲಿ ನೀಲಪ್ಪ ಹೊಟ್ಟೆ ಹಿಡಿದು ಕೂತಿದ್ದ.

"ಇದ ಬೇಕಿತ್ರಿ! ಈಗ ಅಂದದ್ದನ್ನ ಹೇಳ್ರಿ, ಬರಕೋತೀನಿ!" ಎಂದ ಹೊನ್ನೇಶ.

ನಜೀರಸಾಬರು ಬಾಯಿ ತೆರೆದರು. ಒಂದಕ್ಷರವೂ ನೆನಪಿರಲಿಲ್ಲ. "ನಾ ಏನಂದೆನೋ ನೀಲಪ್ಪಾ?"

"ನಗೂದರಾಗ ಎಲ್ಲಿ ಕೇಳಿಸ್ಕೊಳ್ಳೂದ್ರಿ?"

ಹೊನ್ನೇಶ ಗಡಿಯಾರ ನೋಡಿದ. "ಹೊತ್ತಾತು ಕಾಕಾ. ಈ ಎರಡು ಪುಟಾನ ಹಾಕ್ಲೇನು, ನಿಮ್ಮ ಹೆಸರಿನ್ಯಾಗ?"

"ಬ್ಯಾಡ." ಅವರು ಪುಟಗಳನ್ನು ಕಿತ್ತುಕೊಂಡರು. "ಇದನ್ನ ಓದಿದಾವರು ನಜೀರಸಾಬ ಅಂದ್ರ ಬರೇ ಇಷ್ಟ ಅಂತ ತಿಳೀತಾರ. ಪ್ರವೇಶನ ತಗದಬಿಡು."