ಬೈರಾಸು ಬಿಚ್ಚಿದ ಮೇಸ್ತ್ರಿ

ಗಲ್ಫಿನ ಅಲ್ ಮವಾಲೇಹ್‌ನಲ್ಲಿದ್ದ ನಮ್ಮ ಕಂಪನಿ ಕ್ಯಾಂಪಿನ ಗೇಟಿನ ಹೊರಗೆ ಆ ಬೆಳಿಗ್ಗೆ ನೂರಕ್ಕೂ ಮಿಕ್ಕಿ ಕೆಲಸಗಾರರು ನಿಂತಿದ್ದರು. ಒಳಬದಿಯಲ್ಲಿ ಕ್ಲಾರ್ಕ್ ಆಗಿದ್ದ ನಾನು, ವಾಚ್‌ಮನ್, ಮತ್ತೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಸ್ಟೋರ್‌ಕೀಪರ್. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಟ್ಯಾಂಕರಿನ ನೀರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಸಿಹಿನೀರು ಬರುವ ತನಕ ಕೆಲಸದ ಬಸ್ಸು ಹತ್ತುವುದಿಲ್ಲ ಎಂಬುದು ಅವರ ಹಟ.

ಹಿಂದಿನ ವಾರವೂ ಹೀಗೇ ನಿಂತಿದ್ದರು. ಸಿಮೆಂಟಿನ ಧೂಳಿಗೆಂದು ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಳ್ಳುವ ರೂಢಿ ಅವರದು. ಯಾರು ಯಾರೆಂದು ಕಂಪನಿಗೆ ಗುರುತು ಹತ್ತಲಿಲ್ಲ. ಅದಕ್ಕೇ ನೋಟೀಸು ಬಂತು: ಮುಖ ಮುಚ್ಚಿ ಗುಂಪಿನಲ್ಲಿ ನಿಂತವರನ್ನು ಊರಿಗೆ ಕಳಿಸಲಾಗುವುದು. ಅದನ್ನು ಟೈಪು ಮಾಡಿದವನು ನಾನು. ಮೆಸ್ಸಿನಲ್ಲಿ ಓದಿ ಹೇಳಿದವನೂ ನಾನೇ.

"ಮುಖ ತೋರಿಸಿದವರನ್ನು ಏನು ಮಾಡುತ್ತಾರೆ ಅಂತ ಬರೆದಿಲ್ಲವಾ?" ಎಂದು ವೆಲ್ಡರ್ ಒಬ್ಬ ಕುಟುಕಿದ. "ಏಸಿಯಲ್ಲಿ ಕೂತವರ ಮುಖಕ್ಕೆ ಧೂಳಿಲ್ಲ, ಬಿಡಿ."

ಬಂಟ್ವಾಳದ ಕಡೆಯ ಗಾರೆ ಮೇಸ್ತ್ರಿಯೊಬ್ಬರು ನನ್ನನ್ನು ಬದಿಗೆ ಕರೆದರು. ಅವರ ತಮ್ಮ ಎತ್ತರದಿಂದ ಬಿದ್ದು, ಸೊಂಟ ಮುರಿದು ಆಸ್ಪತ್ರೆಯಲ್ಲಿದ್ದ. ದಿನಾ ಕೆಲಸ ಬಿಟ್ಟ ಮೇಲೆ ಹೋಗಿ ಅವನ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಎರಡು ತುತ್ತು ತಿನ್ನಿಸಿ ಬರುತ್ತಿದ್ದವರು ಇವರೊಬ್ಬರೇ.

"ನನ್ನನ್ನು ಕಳಿಸಿದರೆ ಅವನಿಗೆ ಯಾರುಂಟು ಮಾರಾಯ್ರೆ?"

"ಹಾಗಾದರೆ ಗೇಟಿಗೆ ಬರಬೇಡಿ."

"ರೂಮಿನವರೆಲ್ಲ ನಿಲ್ಲುವಾಗ ನಾನು ಮಲಗುವುದಾ? ನೀರು ನಾನೂ ಕುಡಿಯುವುದಲ್ಲವಾ?"

"ಹಿಂದಿನ ಸಾಲಿನಲ್ಲಿ ನಿಲ್ಲಿ. ನೋಟೀಸು ಏನೇ ಹೇಳಲಿ, ಮುಖದ ಬಟ್ಟೆ ಬಿಚ್ಚಬೇಡಿ. ನೂರು ಜನರನ್ನು ಒಟ್ಟಿಗೆ ಕಳಿಸಲು ಇವರಿಂದಾಗದು."

ಅವರು ತಲೆಯಾಡಿಸಿದರು. ಆ ಬೆಳಿಗ್ಗೆ ಹಾಗೆಯೇ ನಿಂತಿದ್ದರು ಕೂಡ, ಮೈ ಒರೆಸುವ ಕೆಂಪು ಬೈರಾಸನ್ನೇ ತಲೆಗೂ ಮುಖಕ್ಕೂ ಬಿಗಿದುಕೊಂಡು.

ಅಷ್ಟರಲ್ಲಿ ದೊಡ್ಡ ಮ್ಯಾನೇಜರರ ಕಾರು ಬಂತು. ಅವರು ಇಳಿದು ಗುಂಪಿನ ಎದುರು ನಿಂತರು. ನೂರು ಮುಖಗಳಲ್ಲಿ ಒಂದರ ಬಟ್ಟೆಯೂ ಅಲುಗಲಿಲ್ಲ. ನಮ್ಮ ಊರಿನ ಕಡೆಯ ಆರು ಜನರ ಕೈ ಮಾತ್ರ ತಲೆಗೆ ಹೋಯಿತು. ಧಣಿ ಎದುರು ಬಂದರೆ ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಮರ್ಯಾದೆ. ಮೇಸ್ತ್ರಿಯೂ ಬೈರಾಸು ಬಿಚ್ಚಿ, ಕಂಕುಳಿಗೆ ಸಿಕ್ಕಿಸಿ, ಬೋಳುತಲೆ ಬಾಗಿಸಿ ನಿಂತುಬಿಟ್ಟರು. ಸ್ಟೋರ್‌ಕೀಪರ್ ಫೋಟೋ ತೆಗೆದ.

ಮರುದಿನ ಫೋಟೋ ನನ್ನ ಮೇಜಿಗೆ ಬಂತು. ಗುರುತು ಸಿಗುವ ಆರು ಮುಖಗಳಿಗೆ ಸುತ್ತು ಹಾಕಿದ್ದರು. ಎಲ್ಲರ ಫೋಟೋ, ಹೆಸರು ಇರುವ ಲೇಬರ್ ಕಾರ್ಡುಗಳು ಇದ್ದದ್ದು ನನ್ನ ಕಪಾಟಿನಲ್ಲಿ. ಹೆಸರು ಬರೆದುಕೊಡು ಎಂದರು. ಗೊತ್ತಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದುಕೊಟ್ಟೆ.

"ಮರ್ಯಾದೆ ಕೊಟ್ಟಿರಲ್ಲ, ಖಲಾಸ್," ಎಂದು ವೆಲ್ಡರ್ ಮೇಸ್ತ್ರಿಯ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು.

"ಬಿಚ್ಚಬೇಡಿ ಅಂತ ಹೇಳಿದ್ದೆನಲ್ಲ," ಎಂದೆ ನಾನು.

"ಗೊತ್ತುಂಟು. ಕೈ ತಾನಾಗಿ ಹೋಯಿತು," ಎಂದರು ಮೇಸ್ತ್ರಿ. ನನ್ನನ್ನು ಬೈಯಲಿಲ್ಲ. ತಮ್ಮನನ್ನು ಎಡಮಗ್ಗುಲಿಗೆ ತಿರುಗಿಸುವಾಗ ದಿಂಬು ಎಲ್ಲಿಡಬೇಕು ಎಂದು ಎರಡು ಸಲ ತೋರಿಸಿಕೊಟ್ಟರು.

ಬೊಂಬಾಯಿ ವಿಮಾನಕ್ಕೆ ಆರೂ ಜನರನ್ನು ಹತ್ತಿಸಿದರು. ನಾನು ಆಸ್ಪತ್ರೆಗೆ ಹೋಗುತ್ತಿದ್ದೆ, ಆದರೆ ದಿನವೂ ಹೋಗಲು ಆಗಲಿಲ್ಲ. ತಮ್ಮನ ಬೆನ್ನಿಗೆ ಹುಣ್ಣಾಯಿತು, ಆಮೇಲೆ ಜ್ವರ ಬಂತು. ಐದನೆಯ ವಾರ ಅವನು ತೀರಿಕೊಂಡ. ಊರಿಗೆ ಟೆಲಿಗ್ರಾಂ ಕಳಿಸಿದೆ.