ತುಟಿ ಓದುವ ಅಮ್ಮ ಮತ್ತು ನನ್ನ ಎರಡನೇ ಸರ್ವ್

ಇಪ್ಪತ್ತೊಂಬತ್ತು ತುಂಬಿದಾಗ ನನ್ನ ಟೆನಿಸ್ ಮುಗಿಯಿತೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಹತ್ತು ವರ್ಷ ಊರೂರು ಅಲೆದು ಆಡಿದ್ದರೂ ಒಂದೇ ಒಂದು ಪ್ರಶಸ್ತಿ ಇರಲಿಲ್ಲ. ಕಾರಣ, ನನ್ನ ಎರಡನೇ ಸರ್ವ್. ಮೊದಲನೆಯದು ನೆಟ್ಟಿಗೆ ಬಿದ್ದರೆ ಎರಡನೆಯದೂ ಅಲ್ಲೇ ಬೀಳುತ್ತಿತ್ತು, ಪಾಯಿಂಟ್ ಎದುರಾಳಿಗೆ ಪುಕ್ಕಟೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಎಷ್ಟು ರಾಕೆಟ್ ಮುರಿದೆನೋ! ಈ ಸೀಸನ್ ಆದಮೇಲೆ ಆಟ ಬಿಡುತ್ತೇನೆ ಎಂದು ಕೋಚ್‌ಗೆ ಹೇಳಿಯೂ ಆಗಿತ್ತು.

ಆಗ ಅಮ್ಮ ಮೊದಲ ಸಲ ನನ್ನ ಪಂದ್ಯ ನೋಡಲು ಬೆಂಗಳೂರಿಗೆ ಬಂದಳು. ದೊಡ್ಡಬಳ್ಳಾಪುರದ ನಮ್ಮ ನಡುಮನೆಯಲ್ಲೇ ಎರಡು ಪವರ್‌ಲೂಮ್ ಇವೆ. ಅವನ್ನು ನಿಲ್ಲಿಸಿ ಬರುವುದೆಂದರೆ ಅವಳಿಗೆ ಜೀವ ಹೋದಂತೆ. ನಾನು ಸೋತೆ. ವಾಪಸು ಬಸ್ಸಿನಲ್ಲಿ ರಾಜಾನುಕುಂಟೆ ದಾಟುವವರೆಗೂ ಮುಖ ಊದಿಸಿಕೊಂಡು ಕೂತಿದ್ದೆ.

"ಎರಡನೇ ಚೆಂಡು ಹೊಡೆಯೋಕೆ ಮುಂಚೆ 'ಹೋಯ್ತು' ಅಂತೀಯಲ್ಲ, ಯಾಕೆ?" ಎಂದಳು ಅಮ್ಮ.

ನಾನು ಬಾಯೇ ಬಿಟ್ಟಿಲ್ಲ ಎಂದು ಉರಿದುಬಿದ್ದೆ. ಅವಳು ಜಗ್ಗಲಿಲ್ಲ. ಮಗ್ಗದ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ನಮ್ಮ ಮನೆಯವರೆಲ್ಲ ತುಟಿ ನೋಡಿಯೇ ಮಾತಾಡುವವರು. ಮೂವತ್ತು ವರ್ಷ ತುಟಿ ಓದಿದವಳಿಗೆ ಗ್ಯಾಲರಿ ಯಾವ ದೂರ? ಮನೆಗೆ ಬಂದು ಕೋಚ್ ತೆಗೆದ ವಿಡಿಯೋ ಹಾಕಿ ನೋಡಿದೆ. ಪ್ರತಿ ಸಲವೂ ನನ್ನ ತುಟಿ ಅದನ್ನೇ ಅನ್ನುತ್ತಿತ್ತು. ನಾಚಿಕೆಯಿಂದ ಸತ್ತೇಹೋದೆ.

"ಎಳೆ ಕಿತ್ಹೋದ್ರೆ 'ಹೋಯ್ತು' ಅಂತ ಕೂತ್ಕೋತೀವೇನೇ? 'ಕಟ್ಟು' ಅಂತೀವಿ. ಹಂಗನ್ನು," ಎಂದು ಅಮ್ಮ ಮಗ್ಗ ಚಾಲೂ ಮಾಡಿದಳು.

ಮರುದಿನದಿಂದ ಬುಟ್ಟಿಗಟ್ಟಲೆ ಚೆಂಡು, ಬರೀ ಎರಡನೇ ಸರ್ವ್. ಪ್ರತಿ ಚೆಂಡಿಗೂ 'ಕಟ್ಟು'. ಕೋಚ್ ತಮಿಳಿನವರು. ಮೊದಲು ನಕ್ಕರು, ಆಮೇಲೆ ನಮ್ಮಲ್ಲೂ ಅದೇ ಮಾತು ಎಂದು ತಾವೂ ಕೂಗತೊಡಗಿದರು. ಎರಡು ತಿಂಗಳಿಗೆ ಚೆಂಡು ಗೆರೆಯೊಳಗೆ ಬೀಳತೊಡಗಿತು. ಹಿಂದೆ ನನ್ನನ್ನು ಮಣ್ಣುಮುಕ್ಕಿಸಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸೋಲಿಸಿದೆ. ಆಟ ಬಿಡುವ ಮಾತನ್ನು ನಾನೂ ಎತ್ತಲಿಲ್ಲ, ಕೋಚೂ ಕೇಳಲಿಲ್ಲ.

ಮರುವರ್ಷ ಬೆಂಗಳೂರಿನಲ್ಲೇ ನನ್ನ ಮೊದಲ ಫೈನಲ್. ಗೆಲ್ಲಲು ಇನ್ನೊಂದೇ ಪಾಯಿಂಟ್ ಬೇಕಿತ್ತು, ಸರ್ವ್ ನನ್ನದು. ಮೊದಲನೆಯದು ಹಾಳಾದ ನೆಟ್ಟಿಗೇ ಹೋಯಿತು. ಗ್ಯಾಲರಿಯತ್ತ ನೋಡಿದೆ. ಮೂರನೇ ಸಾಲಿನಲ್ಲಿ ಅಮ್ಮನ ತುಟಿ 'ಕಟ್ಟು' ಎಂದಿತು. ನಾನೂ ಅಂದೆ, ಹೊಡೆದೆ.

ಚೆಂಡು ಎದುರಾಳಿಯ ರಾಕೆಟ್ಟಿಗೆ ಸಿಗದೆ ದಾಟಿತು. ಜನರ ಕೂಗಿನಲ್ಲಿ ಯಾರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ, ಥೇಟ್ ನಮ್ಮ ನಡುಮನೆ. ಅಮ್ಮ ಎದ್ದು ನಿಂತು, ಆ ಚೆಂಡಿನ ಕಡೆ ಬೆರಳು ತೋರಿಸಿ, ತುಟಿ ಆಡಿಸಿದಳು: 'ಹೋಯ್ತು!'

ರಾಕೆಟ್ ಅಪ್ಪಿಕೊಂಡು ಗೊಳೋ ಎಂದು ಅತ್ತೆ.