ಹೆಸರು ಮರೆಸುವ ಅರ್ಮೆಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆಯ ಮೇಲಿನ ಮಂಜು ಬೇಲಿ ದಾಟಿ ರಸ್ತೆಗೆ ಬಂದಿದೆ. ತಿರುವಿನಲ್ಲಿ ಅರ್ಮೆಲ್ ಕೊರ್ವೆಲೆಕ್ ಹಾರೆ ಹಾಕಿ ಒಂದು ಸ್ಲೇಟುಕಲ್ಲನ್ನು ಮೀಟುತ್ತಿದ್ದಾರೆ. ಕಲ್ಲಿನ ಮೇಲಿನ ಬಿಳಿ ಅಕ್ಷರ ಅರ್ಧಕ್ಕರ್ಧ ಅಳಿಸಿದೆ: ಕ್ರೋಆಜ್ ಆರ್ ವೋಸೆನ್, ಎಂದರೆ ಪ್ಲೇಗಿನ ಶಿಲುಬೆ. ಪಕ್ಕದ ಹುಲ್ಲಿನಲ್ಲಿ ಹೊಸ ಕಬ್ಬಿಣದ ಕಂಬವೊಂದು ಮಲಗಿದೆ. ಅದರ ನೀಲಿ ಫಲಕದ ಮೇಲೆ ‘ಡೇಲಿಯಾ ಬೀದಿ’ ಎಂದಿದೆ. ಈ ಬೀದಿಯಲ್ಲಿ ಡೇಲಿಯಾ ಹೂ ಹುಡುಕಿದರೆ ತುರಿಕೆ ಗಿಡ ಸಿಗುತ್ತದೆ, ಅಷ್ಟೇ.

“ಅಯ್ಯೋ, ಅದು ನಿಮ್ಮಪ್ಪ ನೆಟ್ಟ ಕಲ್ಲು ಕಣೇ!” ಎಂದು ಬಾಗಿಲಲ್ಲಿ ನಿಂತು ಕೂಗುತ್ತಾರೆ ಲೂಯಿಜ್ ಗಿಲ್ಲೊಸು. ಎಂಬತ್ತು ದಾಟಿದ ಜೀವ, ಈ ಮನೆಯಲ್ಲಿ ಒಬ್ಬರೇ ಇರುವುದು.

“ಅಪ್ಪ ನೆಟ್ಟ, ಮಗಳು ಕೀಳ್ತಾಳೆ. ಒಳಗೆ ಹೋಗಿ ಕಾಫಿಗಿಡಿ ಲೂಯಿಜತ್ತೆ. ಇವತ್ತು ಪಾಠ ಇದೆ ನಿಮ್ಗೆ.”

“ಪಾಠವಂತೆ ಪಾಠ! ಹಲ್ಲೆಲ್ಲಾ ಉದುರಿದ್ಮೇಲೆ ಸ್ಕೂಲಿಗೆ ಹಾಕ್ತಾಳೆ ಇವ್ಳು.”

ಅರ್ಮೆಲ್ ನಮ್ಮ ಪ್ಲೆಗ್ವೆರ್ನ್‌ನ ರಸ್ತೆ ಕೆಲಸದವರು. ಅವರಪ್ಪನದೂ ಅದೇ ಕೆಲಸ. ಚರಂಡಿ ಬಿಡಿಸುವುದು, ಬದುಗಳ ಹುಲ್ಲು ಸವರುವುದು, ಚಿಕ್ಕ ಇಗರ್ಜಿಯ ಬುಗ್ಗೆಯನ್ನು ಹಬ್ಬಕ್ಕೆ ಮುಂಚೆ ಉಜ್ಜಿ ತೊಳೆಯುವುದು, ಯಾರಾದರೂ ತೀರಿಕೊಂಡರೆ ಗುಂಡಿ ತೋಡುವುದು, ಎಲ್ಲವೂ ಇವರ ತಲೆಗೇ. ಸ್ಲೇಟಿನ ಗಣಿಗಳು ಮುಚ್ಚಿದ ಮೇಲೆ ಪ್ರಾಯದವರೆಲ್ಲ ಪ್ಯಾರಿಸ್ ದಾರಿ ಹಿಡಿದರು. ಶಾಲೆ ಮುಚ್ಚಿತು, ಬ್ರೆಡ್ ಅಂಗಡಿ ಮುಚ್ಚಿತು. ಈಗ ವಾರಕ್ಕೆರಡು ಸಲ ಬ್ರೆಡ್ಡಿನ ವ್ಯಾನು ಬರುತ್ತದೆ. ಅರ್ಮೆಲ್ ಮದುವೆಯಾಗಲಿಲ್ಲ, ಅಣ್ಣ ಫಾಂಶ್ ಕೂಡ ಆಗಲಿಲ್ಲ. ಇಬ್ಬರೂ ಹುಟ್ಟಿದ ಮನೆಯಲ್ಲೇ ಕಿತ್ತಾಡಿಕೊಂಡು ಚೆನ್ನಾಗಿದ್ದರು.

ಪ್ಲೆಗ್ವೆರ್ನ್ ಎಂದರೆ ಒಂದೆಡೆ ಒತ್ತಿ ಕೂತ ಊರಲ್ಲ. ಕಪ್ಪು ಬೆಟ್ಟದ ಬುಡದಿಂದ ಹೊಳೆಯವರೆಗೆ ಇಲ್ಲೆರಡು ಮನೆ, ಅಲ್ಲೊಂದು ಮನೆ. ಪ್ರತಿ ತುಂಡು ನೆಲಕ್ಕೂ ಇಲ್ಲಿನ ಹಳೆಯ ಬ್ರೆಟನ್ ಭಾಷೆಯಲ್ಲಿ ಒಂದು ಹೆಸರು. ಪೂಲ್ ಆರ್ ಬ್ಲೇಜ್ ಎಂದರೆ ತೋಳದ ಗುಂಡಿ. ತೋಳಗಳು ಹೋಗಿ ಎಷ್ಟೋ ತಲೆಮಾರಾಯಿತು, ಗುಂಡಿ ಈಗಲೂ ಇದೆ, ಕತ್ತಲಲ್ಲಿ ಆ ಕಡೆ ಯಾರೂ ಕರು ಬಿಡುವುದಿಲ್ಲ. ಪ್ಲೇಗಿನ ಶಿಲುಬೆಯ ಹತ್ತಿರ, ಆ ರೋಗ ಬಂದ ಕಾಲದಲ್ಲಿ, ಮೇಲೂರಿನವರು ಬ್ರೆಡ್ ಇಟ್ಟು ಹೋಗುತ್ತಿದ್ದರಂತೆ, ಅವರು ಮರೆಯಾದ ಮೇಲೆ ರೋಗ ಬಿದ್ದ ಕೆಳಗಿನವರು ಬಂದು ಎತ್ತಿಕೊಳ್ಳುತ್ತಿದ್ದರಂತೆ. ನಮ್ಮ ಚರಿತ್ರೆ ಪುಸ್ತಕದಲ್ಲಿಲ್ಲ, ಈ ಕಲ್ಲುಗಳ ಮೇಲಿತ್ತು.

ಹೋದ ವರ್ಷ ಮೇಲಿನಿಂದ ಆದೇಶ ಬಂತು: ಪ್ರತಿ ಓಣಿಗೂ ಬೀದಿಯ ಹೆಸರು ಬೇಕು, ಪ್ರತಿ ಮನೆಗೂ ನಂಬರ್ ಬೇಕು, ಇಲ್ಲದಿದ್ದರೆ ಆಂಬುಲೆನ್ಸಿಗೆ ದಾರಿ ಸಿಗುವುದಿಲ್ಲ. ಊರಿನ ಸಭೆಯವರು ಒಂದೇ ಸಂಜೆ ಕೂತು ಎಲ್ಲದಕ್ಕೂ ಹೂವಿನ ಹೆಸರಿಟ್ಟು ಕೈತೊಳೆದುಕೊಂಡರು. ಹಳೆಯ ಕಲ್ಲು ಕಿತ್ತು ಹೊಸ ಕಂಬ ನೆಡುವುದು ಅರ್ಮೆಲ್ ಪಾಲಿಗೆ ಬಂತು.

ಅವರ ಸ್ವಂತ ಮನೆಯಿರುವ ಜಾಗದ ಹೆಸರು ಟಿ ನೆವೆಜ್, ಅಂದರೆ ಹೊಸಮನೆ. ಅದನ್ನು ಕಟ್ಟಿ ಮುನ್ನೂರು ವರ್ಷವಾಗಿದೆ, ಆದರೂ ಹೊಸಮನೆಯೇ. ಅಲ್ಲಿ ‘ಗುಲಾಬಿ ಬೀದಿ’ಯ ಕಂಬ ನೆಟ್ಟ ದಿನ ಫಾಂಶ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ಏನೇ ಗುಲಾಬಿ, ಸೂಪು ಆಯ್ತಾ?” ಎಂದು ತಂಗಿಯನ್ನು ರೇಗಿಸುವುದು ಮನೆಯಲ್ಲಿ ದಿನಾ ನಡೆಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಊಟಕ್ಕೆ ಕೂತ ಫಾಂಶ್ ಹಾಗೇ ಪಕ್ಕಕ್ಕೆ ವಾಲಿದರು. ಅರ್ಮೆಲ್ ಆಂಬುಲೆನ್ಸಿಗೆ ಫೋನ್ ಮಾಡಿದರು. ಯಾವ ಊರು ಎಂದು ಕೇಳಿದಾಗ ಪ್ಲೆಗ್ವೆರ್ನ್ ಎಂದರು. ಯಾವ ಬೀದಿ?

“ಟಿ ನೆವೆಜ್ ಅಂದೆ. ಬೀದಿ ಹೆಸ್ರು ಹೇಳಿ ಮೇಡಂ ಅಂದ್ಳು ಆ ಹುಡುಗಿ. ಟಿ ನೆವೆಜ್ ಟಿ ನೆವೆಜ್ ಅಂತ ಅರಚ್ದೆ. ಕಂಬ ಕಿಟಕಿಯಾಚೇನೇ ಇತ್ತು. ನಾನೇ ನೆಟ್ಟಿದ್ದು, ಸಿಮೆಂಟು ಕಲಸಿದ್ದೂ ನಾನೇ. ಆ ಹೆಸ್ರು ಬಾಯಿಗೆ ಬರ್ಲೇ ಇಲ್ಲ,” ಎನ್ನುತ್ತಾರೆ ಅರ್ಮೆಲ್.

ಪ್ಲೆಗ್ವೆರ್ನ್‌ನಲ್ಲಿ ಟಿ ನೆವೆಜ್‌ಗಳು ಎರಡಿವೆ, ಹೊಳೆಯ ಈಚೆಗೊಂದು, ಆಚೆಗೊಂದು. ಈಚೆಯವರಿಗೆ ಈಚೆಯದೇ ಟಿ ನೆವೆಜ್, ಆಚೆಯವರಿಗೆ ಆಚೆಯದೇ. ಯಾವುದು ಎಂದು ಕೇಳುವ ಪ್ರಮೇಯವೇ ಯಾರಿಗೂ ಬಂದಿರಲಿಲ್ಲ. ಆಂಬುಲೆನ್ಸ್ ಆಚೆಯ ಅಂಗಳದಲ್ಲಿ ಹೋಗಿ ನಿಂತಿತು. ಅಲ್ಲಿಂದ ಕೇಳಿಕೊಂಡು, ಸೇತುವೆ ಸುತ್ತಿ ಬರುವಷ್ಟರಲ್ಲಿ ಫಾಂಶ್ ಕೈ ತಣ್ಣಗಾಗಿತ್ತು. ಅಣ್ಣನ ಗುಂಡಿಯನ್ನೂ ಅರ್ಮೆಲ್ ಅವರೇ ತೋಡಿದರು. ಬೇರೆಯವರು ಸನಿಕೆ ಹಿಡಿಯಲು ಬಂದರೆ ಬಿಡಲಿಲ್ಲ.

ಆ ಸಂಕಟದಲ್ಲಿ ಊರಿನ ಎಷ್ಟೋ ಜನ ಹೇಳಿದರು, ಆ ಹೂವಿನ ಫಲಕಗಳನ್ನೆಲ್ಲ ಕಿತ್ತು ಹೊಳೆಗೆ ಬಿಸಾಕು ಅಂತ. ಅರ್ಮೆಲ್ ಮಾಡಿದ್ದು ಬೇರೆ. ಯಾರೂ ಹೇಳದೆ, ಯಾವ ಸಂಬಳವೂ ಇಲ್ಲದೆ, ಕೆಲಸಕ್ಕೆ ಹೋಗುವ ಮುಂಚೆ ಒಂಟಿ ಮುದುಕರ ಮನೆಗಳಿಗೆ ಹೋಗಿ ಹೊಸ ಹೆಸರು ಬಾಯಿಪಾಠ ಮಾಡಿಸತೊಡಗಿದರು. ಹಳೆಯ ಹೆಸರು ಬಾಯಿಂದ ಬಂದರೆ ಗದರುತ್ತಾರೆ. ಈಗೀಗ ಬ್ರೆಡ್ಡಿನ ವ್ಯಾನಿನ ಹತ್ತಿರವೂ ಜನ ಮಲ್ಲಿಗೆ ಬೀದಿ, ಗುಲಾಬಿ ಬೀದಿ ಎಂದೇ ಮಾತಾಡುತ್ತಾರೆ. “ಮೊದಲ್ನೇ ಸಲ ಅದನ್ನ ಕೇಳ್ದಾಗ ವ್ಯಾನಿನ ಹಿಂದೆ ಹೋಗಿ ಅತ್ಬಿಟ್ಟೆ,” ಎನ್ನುತ್ತಾರೆ ಅರ್ಮೆಲ್. ತೋಳದ ಗುಂಡಿ ಎಲ್ಲಿದೆ ಎಂದು ಇನ್ನು ಹತ್ತು ವರ್ಷಕ್ಕೆ ಯಾರನ್ನು ಕೇಳಬೇಕೋ ದೇವರಿಗೇ ಗೊತ್ತು.

ಕಂಬ ನೆಟ್ಟಾಯಿತು. ಲೂಯಿಜ್ ಮನೆಯೊಳಗೆ ಬಟ್ಟಲಲ್ಲಿ ಕಾಫಿ, ಪಕ್ಕದಲ್ಲಿ ಉಪ್ಪು ಬೆಣ್ಣೆ ಸವರಿದ ಬ್ರೆಡ್. ಅರ್ಮೆಲ್ ಮುಷ್ಟಿಯನ್ನು ಫೋನಿನಂತೆ ಕಿವಿಗೆ ಹಿಡಿಯುತ್ತಾರೆ.

“ಹಲೋ, ಆಂಬುಲೆನ್ಸ್. ಎಲ್ಲಿದೀರಾ?”

“ಮನೇಲಿ.”

“ಯಾವ ಮನೇಲಿ?”

“ನನ್ನ ಮನೇಲಿ ಕಣೇ, ಇನ್ನೇನು ನಿನ್ನ ಮನೇಲಾ?”

“ಅತ್ತೇ!”

“ಆಯ್ತು, ಆಯ್ತು. ಕ್ರೋಆಜ್ ಆರ್...”

“ಸತ್ರಿ ನೀವು,” ಎನ್ನುತ್ತಾರೆ ಅರ್ಮೆಲ್. ದನಿಯಲ್ಲಿ ತಮಾಷೆ ಇಲ್ಲ. “ಇನ್ನೊಂದ್ಸಲ.”

ಲೂಯಿಜ್ ಕಣ್ಣು ಮುಚ್ಚುತ್ತಾರೆ, ಏಪ್ರನ್ನಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಾರೆ. “ಡೇಲಿಯಾ ಬೀದಿ. ಮೂರನೇ ನಂಬರ್. ಪ್ಲೆಗ್ವೆರ್ನ್.”

“ಹಾಂ. ಬದುಕಿದ್ರಿ.”

ಮುದುಕಿಯ ಮುಖ ಅರಳುತ್ತದೆ. ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಒಂದು ತುತ್ತು ತಿನ್ನುತ್ತಾರೆ. ಆಮೇಲೆ ಏನೋ ನೆನಪಾದವರಂತೆ ಕೇಳುತ್ತಾರೆ: “ಅದ್ಸರಿ, ಆ ಡೇಲಿಯಾ ಬೀದೀಲಿ ಯಾರೇ ಇರೋದು?”

ಅರ್ಮೆಲ್ ಬಟ್ಟಲು ಖಾಲಿ ಮಾಡಿ ಏಳುತ್ತಾರೆ. ಹೊರಗೆ ಬಂದು ಕಲ್ಲನ್ನು ವ್ಯಾನಿಗೆ ಹಾಕಿ ಕೈ ಒರೆಸಿಕೊಳ್ಳುತ್ತಾರೆ. ಬರುವ ವಸಂತದಲ್ಲಿ ಕೆಲಸದಿಂದ ನಿವೃತ್ತಿ. ಆಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹಾರೆಯ ಮಣ್ಣು ಕೆರೆಯುತ್ತಾ ಹೇಳುತ್ತಾರೆ:

“ಅಣ್ಣ ಹೋದ್ಮೇಲೆ ನಾನೂ ಒಬ್ಳೇ ಅಲ್ವಾ? ರಾತ್ರಿ ಮಲಗೋ ಮುಂಚೆ ನಂಗೆ ನಾನೇ ಫೋನ್ ಮಾಡ್ಕೊತೀನಿ. ಎಲ್ಲಿದೀಯಾ ಅರ್ಮೆಲ್ ಅಂತ ಕೇಳ್ಕೊತೀನಿ. ಇವತ್ತಿಗೂ ಮೊದ್ಲು ಬರೋದು ಟಿ ನೆವೆಜ್ಜೇ. ಒಂದೇ ಒಂದು ದಿನ ಅದು ಬರ್ದೇ ಇದ್ರೆ ಸಾಕು. ಎಲ್ರಿಗೂ ಮರೆಸ್ದೆ. ನಂಗೇ ಮರೆಯೋಕೆ ಆಗ್ತಿಲ್ಲ.”